ನಾಯಿಮರಿಗಳಿಗಾಗಿ ಸ್ನಾನ ಮಾಡಿದ್ದು

ಮರಿಗಳು ಹುಟ್ಟಿದ್ದು ಮೊದಲು ಗೊತ್ತಾಗಿದ್ದು ತೌಡು ಕೊಳ್ಳಲು ಬಂದ ಒಬ್ಬ ಹೆಂಗಸಿಗೆ. ದೀಪಾವಳಿ ಕಳೆದ ಮಾರನೇ ದಿನ. ಅವಳು ಎಮ್ಮೆಗೆ ತೌಡು ಬೇಕೆಂದು ಮಿಲ್ಲಿನ ಹಿಂದಿನ ಕೋಣೆಗೆ ಹೋದಳು. ಬುಟ್ಟಿ ಇಟ್ಟು ಎರಡೂ ಕೈಯನ್ನು ರಾಶಿಯೊಳಗೆ ಹಾಕಿದಳು. ಬೆಚ್ಚಗೆ ಏನೋ ಕೈಗೆ ಸಿಕ್ಕಿತು. ಅವಳು ಕೂಗಿದ ಕೂಗಿಗೆ ಎಂಜಿನ್ನೇ ನಿಂತುಹೋಯಿತು ಎಂದು ಅಕ್ಕ ಆಮೇಲೆ ಊರೆಲ್ಲ ಹೇಳಿದಳು. ಸುಳ್ಳು. ಹಾವು ಕಚ್ಚಿತೆಂದು ಹೆದರಿ ಎಂಜಿನ್ ನಿಲ್ಲಿಸಿದ್ದು ನಾನು.

ನಾನು ಆಗ ಹೊಸನಗರದಲ್ಲಿ, ತೀರ್ಥಹಳ್ಳಿ ರಸ್ತೆಯ ಬದಿಯ ಅಕ್ಕಿ ಮಿಲ್ಲಿನಲ್ಲಿ ಎಂಜಿನ್ ಓಡಿಸುವ ಕೆಲಸದಲ್ಲಿದ್ದೆ. ಮಿಲ್ಲು ಎಂದರೆ ದೊಡ್ಡದೇನಲ್ಲ. ಒಂದು ಎಣ್ಣೆ ಎಂಜಿನ್, ಒಂದು ಭತ್ತ ಸುಲಿಯುವ ಯಂತ್ರ, ಎರಡರ ನಡುವೆ ಓಡುವ ಉದ್ದನೆಯ ಬೆಲ್ಟು. ಮುಂದಿನ ಕೋಣೆಯಲ್ಲಿ ತಕ್ಕಡಿ ಇಟ್ಟುಕೊಂಡು ಸಾವ್ಕಾರರು ಕೂರುತ್ತಿದ್ದರು. ಒಳಗೆ ನಾನು, ಮತ್ತೆ ಅಕ್ಕಿ ಜರಡಿ ಹಿಡಿಯುವ ಅಕ್ಕ. ಒಡಹುಟ್ಟಿದವಳಲ್ಲ, ವಯಸ್ಸಿನಲ್ಲಿ ದೊಡ್ಡವಳೆಂದು ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಕೈ ಎಷ್ಟು ಚುರುಕೋ ಬಾಯಿ ಅದರ ಎರಡರಷ್ಟು. ಸಂಜೆ ಅವಳು ಮನೆಗೆ ಹೋಗುತ್ತಿದ್ದಳು, ಸಾವ್ಕಾರರು ಬಾಗಿಲು ಹಾಕಿ ಹೋಗುತ್ತಿದ್ದರು. ನನಗೆ ಮನೆಯೂ ಅದೇ. ಅಡುಗೆ, ನಿದ್ದೆ ಎಲ್ಲ ಮಿಲ್ಲಿನಲ್ಲೇ.

ತಾಯಿ ನಾಯಿ ನಾವು ಸಾಕಿದ್ದಲ್ಲ. ಶರಾವತಿಗೆ ಅಣೆಕಟ್ಟು ಕಟ್ಟುವಾಗ ಸಾಗರದ ಕಡೆಯಿಂದ ಊರು ಬಿಟ್ಟವರ ಗಾಡಿಗಳು ನಮ್ಮ ರಸ್ತೆಯಲ್ಲೂ ಹೋಗುತ್ತಿದ್ದವು. ಒಂದು ಗಾಡಿಯವರು ದಾರಿಖರ್ಚಿಗೆಂದು ಇದ್ದ ಭತ್ತವನ್ನು ಅಕ್ಕಿ ಮಾಡಿಸಲು ನಿಂತರು. ಅಕ್ಕಿ ಆಯಿತು, ಗಾಡಿ ಹೊರಟಿತು. ಗಾಡಿಯ ಹಿಂದೆ ಬಂದಿದ್ದ ಕಂದು ನಾಯಿ ಮಾತ್ರ ಹೊರಡಲಿಲ್ಲ. ಅವರು ಕರೆದರು, ಬೈದರು, ಕಲ್ಲು ತೋರಿಸಿದರು. ಅದು ಉಮಿಯ ರಾಶಿ ಹತ್ತಿ ಮಲಗಿ ಬಾಲ ಆಡಿಸಿತು. ಅಷ್ಟು ದೂರ ನಡೆದದ್ದು ಅದಕ್ಕೆ ಸಾಕಾಗಿತ್ತು ಎಂದು ಕಾಣುತ್ತದೆ.

ಬಂದ ವಾರದಲ್ಲೇ ಹೆಗ್ಗಣ ಹಿಡಿಯಿತು. ಅದನ್ನು ನೋಡಿ ಸಾವ್ಕಾರರು ಸುಮ್ಮನಾದರು. ನಾಯಿ ಉಳಿಯಿತು. ನನಗೂ ಅದು ಬೇಕಿತ್ತು. ಯಾಕೆ ಎಂದು ಉದ್ದ ಹೇಳಲು ನನಗೆ ಬರುವುದಿಲ್ಲ. ಎಂಜಿನ್ ನಿಂತ ಮೇಲೆ ಆ ಕಟ್ಟಡದಲ್ಲಿ ಉಸಿರಾಡುತ್ತಿದ್ದವರು ನಾವಿಬ್ಬರೇ.

ಹುಟ್ಟಿದ್ದು ಆರು ಮರಿ. ಒಂದು ಬಹಳ ಸಣ್ಣದು, ಮಾರನೇ ದಿನವೇ ಸತ್ತಿತು. ಉಳಿದ ಐದರಲ್ಲಿ ಮೂರು ಗಂಡು, ಎರಡು ಹೆಣ್ಣು. ಕಣ್ಣು ಬಿಡುವವರೆಗೆ ತಾಯಿ ಯಾರನ್ನೂ ಹತ್ತಿರ ಬಿಡಲಿಲ್ಲ. ನನ್ನನ್ನು ಬಿಟ್ಟಿತು, ಅಕ್ಕನನ್ನು ಅರ್ಧ ಬಿಟ್ಟಿತು. ಅರ್ಧ ಎಂದರೆ ಅನ್ನ ಇಡಬಹುದು, ಮರಿ ಮುಟ್ಟುವ ಹಾಗಿಲ್ಲ.

"ನೋಡಾ, ಬಾಣಂತಿ ಗತ್ತು!" ಅಂದಳು ಅಕ್ಕ. "ನಾನೂ ನಾಲ್ಕು ಹೆತ್ತೆ. ನನ್ನ ಅತ್ತೆ ಹತ್ರ ಹಿಂಗೆ ಹಲ್ಲು ತೋರ್ಸಿದ್ರೆ ನನಗೆ ಗಂಜಿನೂ ಸಿಕ್ತಿರ್ಲಿಲ್ಲ."

ಕಣ್ಣು ಬಿಟ್ಟ ಮೇಲೆ ಮರಿಗಳ ಕೆಲಸ ಶುರುವಾಯಿತು. ನುಚ್ಚಿನ ಗಂಜಿಗೆ ಹೋಟೆಲಿನಿಂದ ತಂದ ಮಜ್ಜಿಗೆ ಬೆರೆಸಿ ತಟ್ಟೆಯಲ್ಲಿಟ್ಟರೆ ಐದೂ ತಟ್ಟೆಯೊಳಗೇ ಇಳಿದು ನಿಲ್ಲುತ್ತಿದ್ದವು. ಹೊಟ್ಟೆಗೆ ಹೋದದ್ದಕ್ಕಿಂತ ಮೈಗೆ ಹತ್ತಿದ್ದು ಜಾಸ್ತಿ. ಆಮೇಲೆ ಅದರ ಮೇಲೆ ತೌಡು ಅಂಟುತ್ತಿತ್ತು. ಸಂಜೆಗೆ ಬೋಂಡದ ಹಾಗೆ ಎಣ್ಣೆಯಲ್ಲಿ ಬಿಡುವುದೊಂದು ಬಾಕಿ, ಹಾಗೆ ಕಾಣುತ್ತಿದ್ದವು.

ಎಂಜಿನ್ ಓಡುವಾಗ ಹಾಯಾಗಿ ಮಲಗುತ್ತಿದ್ದವು. ನಿಲ್ಲಿಸಿದರೆ ಎದ್ದು ಕುಂಯ್‌ಗುಡುತ್ತಿದ್ದವು. ಬೇರೆ ಕಡೆ ಸದ್ದಾದರೆ ಮಕ್ಕಳು ಏಳುತ್ತವೆ, ನಮ್ಮಲ್ಲಿ ಸದ್ದು ನಿಂತರೆ. ಎಷ್ಟೋ ಸಲ ಭತ್ತ ಮುಗಿದ ಮೇಲೂ ಎಂಜಿನ್ ಸ್ವಲ್ಪ ಹೊತ್ತು ಸುಮ್ಮನೆ ಓಡಿಸಿದ್ದೇನೆ. ಎಣ್ಣೆ ಯಾಕೆ ಇಷ್ಟು ಕುಡಿಯುತ್ತಿದೆ ಎಂದು ಸಾವ್ಕಾರರು ಎಂಜಿನ್ನಿಗೆ ಬೈದರು.

ಸಾವ್ಕಾರರು ಹಿಂದಿನ ಕೋಣೆಗೆ ಬರುವುದೇ ಕಡಿಮೆ. ಬಿಳಿ ಪಂಚೆ, ಹಣೆಗೆ ಕುಂಕುಮ, ಎಣ್ಣೆ ಹಾಕಿ ಬಾಚಿದ ತಲೆ. ಅವರು ಒಳಗೆ ಕಾಲಿಟ್ಟರೆ ಮರಿಗಳು ಚೆಲ್ಲಾಪಿಲ್ಲಿಯಾಗಿ ಓಡಿ ಚೀಲಗಳ ಸಂದಿಯಲ್ಲಿ ಅಡಗುತ್ತಿದ್ದವು. ಅವರಿಗೆ ಖುಷಿ.

"ಯಜಮಾನ ಯಾರು ಅಂತ ಅವಕ್ಕೆ ಗೊತ್ತು. ನಿಮಗೇ ಗೊತ್ತಿಲ್ಲ" ಎನ್ನುತ್ತಿದ್ದರು.

ಆ ಮಾತನ್ನು ಆಗಲೇ ಸರಿಯಾಗಿ ಯೋಚಿಸಿದ್ದರೆ ಮುಂದಿನ ರಗಳೆ ಆಗುತ್ತಿರಲಿಲ್ಲ. ಯೋಚಿಸುವವರು ಮಿಲ್ಲಿನಲ್ಲಿ ಯಾರೂ ಇರಲಿಲ್ಲ.

ಮರಿಗಳಿಗೆ ತಿಂಗಳು ತುಂಬಿತ್ತು. ತೋಟದ ಮನೆಯವರೊಬ್ಬರು ಉಪನಯನದ ಊಟಕ್ಕೆಂದು ಭತ್ತ ತಂದಿದ್ದರು. ಅಕ್ಕಿ ಶುದ್ಧವಾಗಿ ಬರಬೇಕೆಂದು ಅವರ ಮನೆಯ ಹಿರಿಯಮ್ಮ ಮಗನ ಜೊತೆ ತಾವೇ ಗಾಡಿಯಲ್ಲಿ ಬಂದಿದ್ದರು. ಅಕ್ಕ ಜರಡಿ ಹಿಡಿದು, ಮೊರದಲ್ಲಿ ಕೇರಿ, ಅಕ್ಕಿಯನ್ನು ಚಾಪೆ ಮೇಲೆ ಹರವಿಟ್ಟು ಚೀಲ ತರಲು ಹೋದಳು. ಬರುವಷ್ಟರಲ್ಲಿ ಎರಡು ಮರಿಗಳು ಅಕ್ಕಿಯ ನಟ್ಟನಡುವೆ ಹೊಟ್ಟೆ ಮೇಲಾಗಿ ಮಲಗಿದ್ದವು. ಆಗತಾನೇ ಆದ ಅಕ್ಕಿ ಬೆಚ್ಚಗಿರುತ್ತದೆ. ಅವುಗಳ ತಪ್ಪೂ ಅಲ್ಲ.

ಹಿರಿಯಮ್ಮ ಬಾಗಿಲಲ್ಲೇ ನಿಂತರು. ಕೂಗಲಿಲ್ಲ. ಮಗನ ಕಡೆ ತಿರುಗಿ, "ನಾಯಿ ಮನಗಿದ್ದು ನೋಡು ಅಕ್ಕಿ ಮೇಲೆ. ನಂಗಕ್ಕೆ ಈ ಅಕ್ಕಿ ಬ್ಯಾಡ. ನಡಿ" ಅಂದರು. ಸೆರಗು ಹೊದ್ದುಕೊಂಡು ಗಾಡಿ ಹತ್ತಿಬಿಟ್ಟರು.

ಸಾವ್ಕಾರರು ಬೇರೆ ಅಕ್ಕಿ ಕೊಟ್ಟು ಕಳಿಸಿದರು. ಕೊಟ್ಟಿದ್ದಕ್ಕೆ ಅವರಿಗೆ ಬೇಸರವಿರಲಿಲ್ಲ. ಆ ಮನೆಯವರು ಇನ್ನು ಬರುವುದಿಲ್ಲ, ಜೊತೆಗೆ ಸುದ್ದಿ ಉಳಿದ ಮನೆಗಳಿಗೂ ಹೋಗುತ್ತದೆ, ಅದು ಚಿಂತೆ. ನನ್ನನ್ನು ಮುಂದಿನ ಕೋಣೆಗೆ ಕರೆದರು.

"ಸಂಕ್ರಾಂತಿ ಕಳೆದ್ರೆ ಹೊಸ ಭತ್ತದ ಗಾಡಿ ಸಾಲು ನಿಲ್ತದೆ. ಅಷ್ಟರೊಳಗೆ ಮರಿ ಒಂದೂ ಇಲ್ಲಿರಬಾರ್ದು. ಒಂದೇ ಒಂದು ಉಳಿದ್ರೂ ತಾಯಿ ಮರಿ ಎರಡನ್ನೂ ಸಾಗರದ ಲಾರಿಗೆ ಹಾಕ್ತೀನಿ. ಡ್ರೈವರ್ರು ದಾರಿಯಲ್ಲಿ ಕಾಡು ಸಿಕ್ಕಿದ ಕಡೆ ಇಳ್ಸಿ ಹೋಗ್ತಾನೆ."

"ತಾಯಿ ಎಂಥ ಮಾಡ್ತು ಸಾವ್ಕಾರ್ರೇ? ಹೆಗ್ಗಣ ಹಿಡೀತದೆ."

"ಮರಿನೂ ಹಾಕ್ತದೆ" ಅಂದರು.

ಅವರು ಹೇಳಿದ್ದನ್ನು ಮಾಡುವ ಮನುಷ್ಯ. ಅಂತೂ ನನ್ನ ಕೆಲಸ ಸ್ಪಷ್ಟವಾಯಿತು. ಐದು ಮರಿಗೆ ಐದು ಮನೆ. ಇಲ್ಲವೆಂದರೆ ನಾಯಿ ಹೋಗುತ್ತದೆ.

ನಮ್ಮ ಕಡೆ ನಾಯಿಮರಿಗೆ ಗಿರಾಕಿ ಕಡಿಮೆಯೇನಿಲ್ಲ. ಕಿರುಬ, ಅಂದರೆ ಚಿರತೆ, ಬಂದು ನಾಯಿ ಹೊತ್ತುಕೊಂಡು ಹೋಗುವುದು ಎಲ್ಲ ಊರಲ್ಲೂ ಇದ್ದದ್ದೇ, ಕಾಡಿನ ಪಕ್ಕದ ಮನೆಯವರಿಗೆ ಯಾವಾಗಲೂ ಮರಿ ಬೇಕು. ಆದರೆ ಗಂಡೇ ಬೇಕು. ತೆಗೆದುಕೊಳ್ಳುವವರ ಪರೀಕ್ಷೆಯೂ ಇತ್ತು. ಕುತ್ತಿಗೆಯ ಹಿಂದಿನ ಚರ್ಮ ಹಿಡಿದು ಮೇಲೆತ್ತುತ್ತಾರೆ. ಕೂಗಿದರೆ ಹೇಡಿ, ಸುಮ್ಮನಿದ್ದರೆ ಒಳ್ಳೇ ನಾಯಿ. ಬಾಯಿ ತೆರೆದು ಅಂಗುಳ ಕಪ್ಪಗಿದೆಯೋ ನೋಡುತ್ತಾರೆ. ನಾನು ಇಷ್ಟೆಲ್ಲ ನೋಡಿ ಒಂದು ಪಂಚೆಯನ್ನೂ ಕೊಂಡವನಲ್ಲ. ಇನ್ನೊಂದು ಪದ್ಧತಿ, ಮರಿಯನ್ನು ಪುಕ್ಕಟೆ ಒಯ್ಯುವ ಹಾಗಿಲ್ಲ, ಒಯ್ದರೆ ಮನೆಯಲ್ಲಿ ನಿಲ್ಲುವುದಿಲ್ಲವಂತೆ. ಅದಕ್ಕೆ ಬದಲು ಒಂದು ಹಿಡಿ ಉಪ್ಪನ್ನೋ ಒಂದು ಸೌತೆಕಾಯನ್ನೋ ಕೊಟ್ಟು ಹೋಗುತ್ತಾರೆ.

ಮೊದಲ ಗಂಡುಮರಿಯನ್ನು ಒಯ್ದವನು ಮಿಲ್ಲಿಗೆ ವಾಡಿಕೆಯಾಗಿ ಬರುವ ಒಬ್ಬ ಗಾಡಿಯ ರೈತ. ಎತ್ತಿ ನೋಡಿದ, ಮರಿ ತುಟಿಪಿಟಕ್ಕೆನ್ನಲಿಲ್ಲ. ಉಪ್ಪು ಕೊಟ್ಟ, ಕಂಬಳಿಯಲ್ಲಿ ಸುತ್ತಿಕೊಂಡು ಹೋದ. ನನಗೆ ಸುಲಭ ಅನ್ನಿಸಿತು.

ಆ ವಾರ ಮುಗಿಯುವ ಮೊದಲೇ ವಾಪಸು ತಂದ.

"ಎಂಥ ಮರಿ ಕೊಟ್ಟಿದೀಯ ಮಾರಾಯ? ಮನೆಗೆ ಹೋಗಿದ್ದೇ ಕಣಜದ ಅಡಿಗೆ ಹೊಕ್ಕಿದ್ದು, ಹೊರಗೆ ಬರ್ಲೇ ಇಲ್ಲ. ನಾನು ಕರೆದ್ರೆ ಗುರ್ರ್. ಮಕ್ಕಳು ಕರೆದ್ರೆ ಉಚ್ಚೆ."

"ಹೊಸ ಜಾಗ. ನಾಲ್ಕು ದಿನ ಬೇಕಲ್ಲ."

"ಕೇಳು ಪೂರ್ತಿ. ನನ್ನ ಹೆಂಡ್ತಿ ಅಕ್ಕಿ ಕೇರಾಕೆ ಕೂತ್ಲು ಅಂದ್ರೆ ಓಡಿ ಬಂದು ತೊಡೆ ಮೇಲೆ ಮಲಗ್ತದೆ. ಕೇರಿ ಆಗಿ ಅವಳು ಮುಖ ತೊಳ್ಕಂಡು ಬಂದ್ರೆ ಅವಳನ್ನೇ ನೋಡಿ ಬೊಗಳ್ತದೆ! ಇದ್ಕೋಸ್ಕರ ಅವಳು ಬೆಳಿಗ್ಗೆಯಿಂದ ಸಂಜೆ ತನಕ ಅಕ್ಕಿ ಕೇರ್ತಾ ಕೂರ್ಬೇಕಾ?"

ಅಕ್ಕ ಜರಡಿ ಕೆಳಗಿಟ್ಟಳು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ತನ್ನ ಕೈ ನೋಡಿಕೊಂಡಳು. ಆಮೇಲೆ ನಗಲು ಶುರುಮಾಡಿದವಳು ಚಾಪೆ ಮೇಲೆ ಕೂತುಬಿಟ್ಟಳು.

"ಅಯ್ಯೋ ನಿನ್ನ! ಅವು ಹುಟ್ಟಿದಾಗಿಂದ ಕಂಡಿದ್ದು ನಮ್ಮಿಬ್ಬರನ್ನೇ ಅಲ್ದನಾ? ಮನುಷ್ಯರು ಅಂದ್ರೆ ಬೆಳ್ಳಗೆ ಇರ್ತಾರೆ ಅಂತ ತಿಳ್ಕಂಡಾವೆ!"

ಮಿಲ್ಲಿನಲ್ಲಿ ಕೆಲಸ ಮಾಡಿದವರಿಗೆ ಇದು ಅರ್ಥವಾಗುತ್ತದೆ. ಎಂಜಿನ್ ಶುರುವಾಗಿ ಸ್ವಲ್ಪ ಹೊತ್ತಿಗೆ ತಲೆ, ಹುಬ್ಬು, ಕಿವಿ, ಅಂಗಿ ಎಲ್ಲ ತೌಡಿನ ಬಿಳಿ. ಬಣ್ಣವೂ ಒಂದೇ, ವಾಸನೆಯೂ ಒಂದೇ. ನಾನು ಸ್ನಾನ ಮಾಡುತ್ತಿದ್ದದ್ದು ವಾರಕ್ಕೊಂದು ಸಲ, ಮಿಲ್ಲಿಗೆ ರಜೆ ಇದ್ದ ದಿನ. ಸ್ನಾನ ಮಾಡಿದರೆ ಪೇಟೆಗೆ ಹೋಗುತ್ತಿದ್ದೆ, ಮರಿಗಳ ಕಡೆ ಬರುತ್ತಿರಲಿಲ್ಲ. ಸಾವ್ಕಾರರನ್ನು ಕಂಡು ಅವು ಓಡುತ್ತಿದ್ದದ್ದು ಯಜಮಾನನೆಂದಲ್ಲ, ಸ್ನಾನ ಮಾಡಿದ ಮನುಷ್ಯನೆಂದು. ಇದನ್ನು ಅವರಿಗೆ ಹೇಳೋಣವೆಂದೆ. ಅಕ್ಕ ಬೇಡ ಅಂದಳು.

"ಹಂಗಾದ್ರೆ ನಾನು ಎಂಥ ಮಾಡ್ಲಿ? ತಗಂಡು ಹೋಗೋರಿಗೆಲ್ಲ ತೌಡು ಮೆತ್ತಿ ಕಳಿಸ್ಲಾ?" ಅಂದೆ.

"ಅದ್ಕಿಂತ ನೀನೇ ಮನುಷ್ಯರಂಗೆ ತೊಳ್ಕಂಡು ಬಾ. ದಿನಾ. ನಾಯಿಗೂ ಒಳ್ಳೇದು, ನಮ್ಮ ಮೂಗಿಗೂ ಒಳ್ಳೇದು."

ರೈತ ಮರಿಯನ್ನು ಬಿಟ್ಟು ಹೋದ. ಸರಿಯಾದ ಮೇಲೆ ಹೇಳಿ ಕಳಿಸು, ನೋಡೋಣ ಅಂದ. ಉಪ್ಪು ವಾಪಸು ಕೇಳಲಿಲ್ಲ.

ಧನುರ್ಮಾಸದ ಚಳಿ. ಮಿಲ್ಲಿನ ಹಿಂದಿನ ಬಾವಿಯ ನೀರು ಕೈಗೆ ಸೋಕಿದರೆ ಸೂಜಿ ಚುಚ್ಚಿದ ಹಾಗೆ. ಮಧ್ಯಾಹ್ನ ಎಂಜಿನ್ ನಿಲ್ಲಿಸಿ, ನಾಲ್ಕು ಕೊಡ ಸುರಿದುಕೊಂಡು, ಸೋಪು ಹಚ್ಚಿ, ಒಗೆದ ಅಂಗಿ ಹಾಕಿ, ತಲೆ ಬಾಚಿ ಹಿಂದಿನ ಕೋಣೆಗೆ ಹೋದೆ. ಐದೂ ಮರಿ ನನ್ನನ್ನು ನೋಡಿ ಕಿರುಚಿದವು. ನನ್ನ ಕೈಯಲ್ಲಿ ಗಂಜಿ ಕುಡಿದವೇ, ನನ್ನ ಅಂಗಿಯೊಳಗೆ ಮಲಗಿದವೇ, ಕಳ್ಳನನ್ನು ಕಂಡ ಹಾಗೆ ಕಿರುಚಿದವು. ತಾಯಿ ಎದ್ದು ಬಂದು ಮೂಸಿ, ನಾನೇ ಎಂದು ಖಾತ್ರಿ ಮಾಡಿಕೊಂಡು, ಆಕಳಿಸಿ ಮಲಗಿತು. ಅದರ ಮುಖ ನೋಡಿದರೆ, ಇಷ್ಟಕ್ಕೆ ಇಷ್ಟು ನೀರು ಹಾಳು ಮಾಡಬೇಕಿತ್ತೇ ಎನ್ನುವ ಹಾಗಿತ್ತು.

ಹಠ ಹಿಡಿದೆ. ಒಂದು ಕೈಗೆ ತೌಡು ಹಚ್ಚಿಕೊಂಡು ಇನ್ನೊಂದು ತೊಳೆದ ಕೈಯಲ್ಲಿ ಗಂಜಿಯ ತಟ್ಟೆ ಹಿಡಿಯುತ್ತಿದ್ದೆ. ತೌಡಿನ ಕೈಗೆಂದು ಬಂದವು ಗಂಜಿಯ ಕೈಗೂ ಬರಲೇಬೇಕು. ದಿನ ಕಳೆದ ಹಾಗೆ ತೌಡು ಕಡಿಮೆ ಮಾಡಿದೆ. ಮೊದಲು ಅಂಗೈ ಪೂರ್ತಿ, ಆಮೇಲೆ ಬೆರಳು, ಆಮೇಲೆ ಏನೂ ಇಲ್ಲ. ಕಪ್ಪು ಹೆಣ್ಣುಮರಿ ಒಂದು ಕೊನೆಯವರೆಗೂ ಮೋಸ ಹೋಗಲಿಲ್ಲ. ದೂರ ಕೂತು, ಉಳಿದವು ಕುಡಿದು ಮುಗಿಸುವುದನ್ನು ನೋಡಿ, ತಟ್ಟೆ ನೆಕ್ಕಲು ಮಾತ್ರ ಬರುತ್ತಿತ್ತು.

ಅಕ್ಕನೂ ಸೇರಿಕೊಂಡಳು. ಒಂದು ದಿನ ಸೀರೆ ಬದಲಿಸಿ ಕೊಡೆ ಬಿಚ್ಚಿಕೊಂಡು ಬಂದಳು, ಇನ್ನೊಂದು ದಿನ ಗಂಡನ ಕಂಬಳಿ ಹೊದ್ದು ಬಂದಳು. ಮನೆಯ ಹೇಟೆ ಕೋಳಿಯೊಂದನ್ನು ತಂದು ಮರಿಗಳ ನಡುವೆ ಬಿಟ್ಟಳು. ದೊಡ್ಡ ಗಂಡುಮರಿ ಹಾರಿತು, ಹೇಟೆ ಅದರ ಮೂಗಿಗೇ ಕುಕ್ಕಿತು. ಅವತ್ತಿನಿಂದ ಕೋಳಿ ಎಂದರೆ ಮರ್ಯಾದೆ. ಭತ್ತದ ಗಾಡಿ ಬಂದಾಗ ಎತ್ತಿನ ಹತ್ತಿರ ಬಿಡುತ್ತಿದ್ದೆ. ಶಾಲೆ ಬಿಟ್ಟು ಹೋಗುವ ಮಕ್ಕಳನ್ನು ಕರೆದು ಕೂರಿಸುತ್ತಿದ್ದೆ. ಮಕ್ಕಳು ಬಾಲ ಎಳೆದವು, ಮರಿಗಳು ಅವರ ಚಡ್ಡಿ ಎಳೆದವು. ಎರಡು ಕಡೆಯವರೂ ಸಮಾಧಾನವಾಗಿ ಮನೆಗೆ ಹೋದರು.

ಮರಿಗಳು ಸರಿಹೋಗುತ್ತಾ ಬಂದವು. ಕೆಟ್ಟದ್ದು ನನ್ನ ಹೆಸರು.

ಹೊಸನಗರದ ಪೇಟೆ ಎಂದರೆ ಒಂದು ಬೀದಿ. ಯಾವತ್ತೂ ಬೂದಿ ಬಳಿದ ಬೈರಾಗಿಯ ಹಾಗಿದ್ದವನು ದಿನಾ ಮಧ್ಯಾಹ್ನ ತಲೆ ಬಾಚಿ, ಒಗೆದ ಅಂಗಿ ಹಾಕಿ ಮಜ್ಜಿಗೆಗೆಂದು ಹೋಟೆಲಿಗೆ ಹೋದರೆ ಆ ಬೀದಿ ಸುಮ್ಮನಿರುತ್ತದೆಯೇ?

"ಹೆಣ್ಣು ಯಾವೂರ್ದು?" ಕೇಳಿದ ಹೋಟೆಲಿನವನು.

"ಎಂಥ ಹೆಣ್ಣು?"

"ಮುಚ್ಚಿಡಬ್ಯಾಡ ಮಾರಾಯ. ಸೋಪಿನ ವಾಸನೆ ಬರ್ತಾ ಉಂಟು."

"ನಾಯಿಮರಿಗೆ ಸ್ನಾನ ಮಾಡಿದ್ದು."

"ಮರಿಗೆ ಮಾಡ್ಸಿದ್ದಾ, ನೀನು ಮಾಡಿದ್ದಾ?"

"ನಾನು ಮಾಡಿದ್ದು. ಮರಿಗೋಸ್ಕರ."

ಹೋಟೆಲಿನಲ್ಲಿದ್ದವರೆಲ್ಲ ನಕ್ಕರು. ದೋಸೆ ತಿನ್ನುತ್ತಿದ್ದ ತೀರ್ಥಹಳ್ಳಿ ಬಸ್ಸಿನ ಕಂಡಕ್ಟರಿಗೆ ನೆತ್ತಿಗೆ ಹತ್ತಿತು. ನಿಜ ಹೇಳಿದರೆ ಜನ ನಂಬುವುದಿಲ್ಲ. ನಾನು ಇನ್ನು ಬಾಯಿ ಬಿಡಬಾರದೆಂದು ಸುಮ್ಮನಾದೆ. ಅದಕ್ಕೆ ನಾಚಿಕೆ ಎಂದು ಹೆಸರಿಟ್ಟರು. ಕ್ಷೌರದಂಗಡಿಯವನು ಕರೆದು ಕೂರಿಸಿ ಮೀಸೆ ಸರಿಮಾಡಿದ. ಅಕ್ಕನನ್ನು ಕೇಳಿದವರಿಗೆ ಅವಳು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ಬಾಯಿಗೆ ಸೆರಗು ಹಿಡಿದು ನಕ್ಕಳಂತೆ. ಅಷ್ಟು ಸಾಕಾಯಿತು.

ಒಂದು ಒಳ್ಳೆಯದಾಯಿತು. ಹೆಣ್ಣಿನ ಸುದ್ದಿ ಕೆದಕಲು ಮಿಲ್ಲಿಗೆ ಬಂದವರು ಮರಿಗಳನ್ನು ನೋಡಿದರು. ಹೋಟೆಲಿನವನು ಒಂದು ಗಂಡುಮರಿ ಒಯ್ದ. ಟಪಾಲಿನವನು ಇನ್ನೊಂದು. ನಾಯಿಗಳೆಲ್ಲ ತನ್ನನ್ನು ಕಂಡರೆ ಬೊಗಳುತ್ತವೆ, ತನ್ನ ಮನೆಯಲ್ಲಾದರೂ ಬೊಗಳದ ಒಂದು ನಾಯಿ ಇರಲಿ ಅಂದ. ಬಿಳಿ ಕಾಲಿನ ಹೆಣ್ಣುಮರಿಯನ್ನು ಕ್ಷೌರದಂಗಡಿಯವನ ತಾಯಿ ಸೌತೆಕಾಯಿ ಕೊಟ್ಟು ಎತ್ತಿಕೊಂಡರು. ಮೊದಲಿನ ರೈತನಿಗೆ ಹೇಳಿ ಕಳಿಸಿದೆ. ಅವನು ಹೆಂಡತಿಯನ್ನೂ ಕರೆದುಕೊಂಡು ಬಂದ. ಅವಳು ಮುಖ ತೊಳೆದು, ಹೂ ಮುಡಿದು ಬಂದಿದ್ದಳು. ಮರಿ ಅವಳ ಕಾಲು ನೆಕ್ಕಿತು. "ಇನ್ನು ನಾನು ಅಕ್ಕಿ ಕೇರೋದಿಲ್ಲ, ನೀವೇ ಕೇರಿ" ಎಂದು ಗಂಡನಿಗೆ ಹೇಳಿ ಅವಳೇ ಎತ್ತಿಕೊಂಡಳು.

ಉಳಿದದ್ದು ಆ ಕಪ್ಪು ಹೆಣ್ಣುಮರಿ. ಯಾರು ಬಂದರೂ ದೂರ ಕೂತು ನೋಡುತ್ತಿತ್ತು. ಎತ್ತಿದರೆ ಕೂಗುತ್ತಿತ್ತು. ಅದೂ ಸಣ್ಣಗಲ್ಲ. ಹೆಣ್ಣು, ಹೇಡಿ, ಎರಡು ತಪ್ಪಾಯಿತು. ಬಂದವರು ಕೆಳಗಿಟ್ಟು ಹೋಗುತ್ತಿದ್ದರು. ಅಕ್ಕನನ್ನೇ ಕೇಳಿದೆ.

"ನನಗೆ ಸಾಕಾಕೆ ಗಂಡ ಒಬ್ಬ ಇದಾನಲ್ಲ. ಅವನೂ ಕರೆದ್ರೆ ಬರೋದಿಲ್ಲ, ತಟ್ಟೆ ಇಟ್ರೆ ಬರ್ತಾನೆ" ಅಂದಳು. ಆದರೆ ಅವತ್ತು ಅವಳ ನಗು ಪೂರ್ತಿ ಬರಲಿಲ್ಲ. ಸಂಕ್ರಾಂತಿ ಆಗಿ ಹೋಗಿತ್ತು.

ಹೊಸ ಭತ್ತದ ಮೊದಲ ಗಾಡಿಗಳು ಬಂದ ದಿನ ಬೆಳಿಗ್ಗೆಯೇ ಸಾಗರದ ಲಾರಿಯೂ ಬಂದು ನಿಂತಿತು. ಸಾವ್ಕಾರರು ಮಾತಿಗೆ ತಪ್ಪಲಿಲ್ಲ. ಅಕ್ಕಿ ಚೀಲ ತುಂಬಿ ಆದ ಮೇಲೆ ನಾಯಿ, ಮರಿ ಎರಡನ್ನೂ ಹತ್ತಿಸು ಎಂದು ಡ್ರೈವರಿಗೆ ಹೇಳಿದರು. ಡ್ರೈವರು ತಾಯಿಯ ಕುತ್ತಿಗೆಗೆ ಹಗ್ಗ ಹಾಕಿ ಲಾರಿಯ ಪಕ್ಕದ ಕಂಬಕ್ಕೆ ಕಟ್ಟಿದ. ಅದು ಹಗ್ಗವನ್ನು ಎಳೆಯಲಿಲ್ಲ. ನನ್ನ ಕಡೆ ನೋಡುತ್ತಾ ಕೂತಿತು. ನಾನು ಎಂಜಿನ್ ನಿಲ್ಲಿಸಿ ಹೊರಗೆ ಬಂದೆ. ಇನ್ನೊಂದು ಸಲ ಕೇಳೋಣವೆಂದು ಸಾವ್ಕಾರರ ಕಡೆ ಹೊರಟಾಗ ತೀರ್ಥಹಳ್ಳಿ ಬಸ್ಸು ನಿಂತಿತು. ನನ್ನ ಸೋದರಮಾವ ಇಳಿದ.

ಅಪ್ಪ ಅಮ್ಮ ಇಲ್ಲದ ನನಗೆ ಹಿರಿಯನೆಂದರೆ ಆ ಮಾವನೊಬ್ಬನೇ. ತೀರ್ಥಹಳ್ಳಿಯಲ್ಲಿ ದರ್ಜಿ. ವರ್ಷಕ್ಕೊಂದು ಸಲ ಬಂದರೆ ಹೆಚ್ಚು. ಅವನ ಹಿಂದೆ ಇನ್ನೊಬ್ಬರು ಇಳಿದರು. ತಲೆಗೆ ರುಮಾಲು, ಬೆಳ್ಳಗಿನ ಪಂಚೆ, ಕೈಯಲ್ಲಿ ಕೊಡೆ, ಕಾಲಲ್ಲಿ ಗಟ್ಟಿ ಮೆಟ್ಟು.

ಮಾವ ನನ್ನನ್ನು ನೋಡಿ ಹಣೆ ಚಚ್ಚಿಕೊಂಡ. ಬೆಳಿಗ್ಗೆಯಿಂದ ಹೊಸ ಭತ್ತ ಹಾಕಿದ್ದೆ. ಹುಬ್ಬು ಕೂಡ ಕಾಣುತ್ತಿರಲಿಲ್ಲ.

"ದಿನಾ ಸ್ನಾನ ಮಾಡ್ತಾನೆ ಅಂತ ಕಂಡಕ್ಟರು ಹೇಳಿದ್ನಲ್ಲೋ!" ಎಂದು ಹಲ್ಲು ಕಚ್ಚಿದ. ಆಮೇಲೆ ದನಿ ಬದಲಿಸಿ, "ಇವರು ನಮ್ಮ ಕಡೆಯೋರು. ಮಗಳಿದಾಳೆ. ಹುಡುಗನ್ನ ನೋಡಾಣ ಅಂತ ಬಂದಿದಾರೆ. ಕೈ ಮುಗಿ" ಅಂದ.

ಕೈ ಮುಗಿದೆ. ತೌಡು ಉದುರಿತು.

ಅಕ್ಕ ಬೆಂಚು ತಂದಳು, ನೀರು ಬೆಲ್ಲ ತಂದಳು, ನನ್ನ ಮುಖ ಒರೆಸಲು ಸೆರಗು ತಂದಳು. ಸೆರಗನ್ನು ತಳ್ಳಿದೆ. ನನ್ನ ಕಣ್ಣು ಲಾರಿಯ ಮೇಲಿತ್ತು. ಚೀಲಗಳು ಒಂದೊಂದೇ ಹತ್ತುತ್ತಿದ್ದವು.

"ಜಮೀನು ಉಂಟಾ?" ಕೇಳಿದರು ಹೆಣ್ಣಿನ ಅಪ್ಪ.

"ಇಲ್ಲ."

"ಸ್ವಲ್ಪ ಗೇಣಿಗೆ ಮಾಡೋ ವಿಚಾರ..." ಎಂದು ಮಾವ ಬಾಯಿ ಹಾಕಿದ.

"ಇಲ್ಲ" ಅಂದೆ.

"ಶಾಲೆ?"

"ಮೂರನೇ ಕ್ಲಾಸು. ಪಾಸಾಗ್ಲಿಲ್ಲ."

"ಮನೆ?"

"ಇಲ್ಲೇ. ಉಮಿ ರಾಶಿ ಪಕ್ಕ."

ಮಾವ ಆಕಾಶ ನೋಡಿದ. ಹೆಣ್ಣಿನ ಅಪ್ಪ ಕೊಡೆಯನ್ನು ನೆಲಕ್ಕೂರಿ, "ಮತ್ತೆ ಮದುವಿ ಅಂತ ಹೊರಟಿದೀಯಲ್ಲ, ಯಾವ ಧೈರ್ಯದ ಮೇಲೆ?" ಅಂದರು.

"ನಾನು ಹೊರಟಿಲ್ಲ" ಅಂದೆ. "ನಾನು ಸ್ನಾನ ಮಾಡಿದ್ದು ಮದುವಿಗಲ್ಲ, ನಾಯಿಮರಿಗೆ. ಮರಿಗಳು ತೌಡು ಬಳ್ಕಂಡೋರನ್ನ ಬಿಟ್ರೆ ಬೇರೆ ಯಾರನ್ನೂ ಮನುಷ್ಯರು ಅಂತ ಒಪ್ತಿರ್ಲಿಲ್ಲ. ಅದನ್ನ ಬಿಡ್ಸಾಕೆ ದಿನಾ ಮೀಯಬೇಕಾಯ್ತು. ನಾಲ್ಕು ಮರಿ ಹೋದ್ವು, ಒಂದು ಉಳೀತು. ಅದು ಉಳಿದಿದ್ದಕ್ಕೆ ತಾಯಿನ ಆ ಲಾರಿಗೆ ಹಾಕ್ತಾ ಇದಾರೆ. ನೀವು ನನ್ನ ಹತ್ರ ಮಾತಾಡ್ತಾ ಕೂತ್ರೆ ಅದೂ ಹೋಗ್ತದೆ, ನಿಮ್ಮ ಕೆಲಸವೂ ಆಗೋದಿಲ್ಲ."

ಇಷ್ಟುದ್ದ ನಾನು ಯಾರ ಎದುರೂ ಮಾತಾಡಿದ್ದಿಲ್ಲ. ಮಾವ, "ಮುಗೀತು" ಎಂದು ಬೆಂಚಿನ ಮೇಲೆ ಕೂತ.

ಹೆಣ್ಣಿನ ಅಪ್ಪನಿಗೆ ನಗು ಬಂತು. ಮೊದಲು ಭುಜ ಅಲುಗಿತು, ಆಮೇಲೆ ರುಮಾಲು ಜಾರಿತು, ಕೊನೆಗೆ ಕೆಮ್ಮು ಬಂತು. ಅಕ್ಕ ನೀರು ಕೊಟ್ಟಳು.

"ಎಲ್ಲಿ ಆ ಮರಿ?" ಅಂದರು.

ಹುಡುಕಿದೆವು. ಚೀಲದ ಸಂದಿಯಲ್ಲಿರಲಿಲ್ಲ, ತೌಡಿನ ಕೋಣೆಯಲ್ಲಿರಲಿಲ್ಲ. ನೋಡಿದರೆ ಅವರು ಬೆಂಚಿನಡಿ ಬಿಟ್ಟಿದ್ದ ಮೆಟ್ಟಿನ ಮೇಲೆ ಗಲ್ಲ ಇಟ್ಟು ಮಲಗಿತ್ತು, ಪಟ್ಟಿಯನ್ನು ಬಾಯಲ್ಲಿ ಕಚ್ಚಿಕೊಂಡು. ಮೈಗೆ ಚೂರೂ ತೌಡು ತಾಗದ ಮನುಷ್ಯನ ಪಕ್ಕದಲ್ಲಿ. ಅವರು ಬಗ್ಗಿ ಮೆಟ್ಟನ್ನು ಎಳೆದರು. ಮರಿ ಬಿಡಲಿಲ್ಲ. ಇನ್ನೂ ಎಳೆದರು. ಮರಿ ಮೆಟ್ಟಿನ ಜೊತೆ ಮೇಲೆ ಬಂತು, ನೇತಾಡಿತು, ಬಾಯಿ ಮಾತ್ರ ಬಿಡಲಿಲ್ಲ. ಬಿಟ್ಟರೆ ತಾನೇ ಕೂಗುವುದು!

"ಹೆಣ್ಣುಮರಿ ಅದು" ಅಂದೆ. ಆಮೇಲೆ ಗೊತ್ತಾಗಿ ವಾಪಸು ತರಬಾರದಲ್ಲ.

"ನನಗೂ ಹೆಣ್ಣೇ ಇರೋದು. ಹೋದ ತಿಂಗಳು ಕಿರುಬ ನಮ್ಮನೆ ನಾಯಿನ ಅಂಗಳದಿಂದಲೇ ಎತ್ತಿತು. ಅವತ್ತಿಂದ ಮಗಳು ಸರಿಯಾಗಿ ಉಣ್ಲಿಲ್ಲ." ಅವರು ಮಾವನ ಕಡೆ ತಿರುಗಿದರು. "ಹುಡುಗ ಸುಳ್ಳು ಹೇಳೋದಿಲ್ಲ, ಅದು ಸರಿ. ಆದ್ರೆ ಮಗಳನ್ನ ಉಮಿ ರಾಶಿ ಪಕ್ಕ ಕೂರ್ಸಾಕೆ ಆಗೋದಿಲ್ಲ. ಬೇಜಾರು ಮಾಡ್ಕಬ್ಯಾಡಿ. ಹುಡುಗ ಬ್ಯಾಡ, ಮರಿ ಕೊಡಿ."

"ಬಸ್ ಚಾರ್ಜು ಕೊಟ್ಟು ಕರ್ಕಂಡು ಬಂದಿದ್ದು ನಾನು" ಎಂದ ಮಾವ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮರಿಗೆ ಬದಲು ಏನು ಕೊಡುವುದೆಂದು ಅವರು ತಡಕಾಡಿದರು. ಹುಡುಗನ ಮನೆಗೆಂದು ತಂದಿದ್ದ ಬಾಳೆಗೊನೆಯ ಒಂದು ಚಿಪ್ಪು ಚೀಲದಲ್ಲಿತ್ತು. ಅದನ್ನೇ ಅಕ್ಕನ ಕೈಗೆ ಕೊಟ್ಟರು. ವಾಪಸು ಹೋಗುವ ಬಸ್ಸಿಗೆ ಮಾವ ಮುಖ ಊದಿಸಿಕೊಂಡು ಹತ್ತಿದ, ಅವರು ಮರಿಯನ್ನು ರುಮಾಲಿನಲ್ಲಿ ಸುತ್ತಿಕೊಂಡು ಹತ್ತಿದರು. ಪಟ್ಟಿ ಹರಿದ ಮೆಟ್ಟು ಕಂಕುಳಲ್ಲಿತ್ತು. ಕಂಡಕ್ಟರ್ ಕಿಟಕಿಯಿಂದ ತಲೆ ಹಾಕಿ, "ಕೂಡಿ ಬಂತಾ?" ಎಂದು ನನ್ನನ್ನು ಕೇಳಿದ. ಹೌದೆಂದು ಅಕ್ಕ ಹೇಳಿದಳು.

ಬಸ್ಸು ಹೋದ ಮೇಲೆ ಲಾರಿಯ ಕಡೆ ಓಡಿದೆ. ಚೀಲ ತುಂಬಿ ಆಗಿತ್ತು. ಡ್ರೈವರು ನಾಯಿಯ ಹಗ್ಗ ಬಿಚ್ಚಿ ಕೈಯಲ್ಲಿ ಹಿಡಿದು, ಏನು ಮಾಡಲಿ ಎಂದು ಸಾವ್ಕಾರರ ಮುಖ ನೋಡುತ್ತಿದ್ದ. ಸಾವ್ಕಾರರು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು.

"ಮರಿ ಒಂದೂ ಉಳಿದಿಲ್ಲ, ಸಾವ್ಕಾರ್ರೇ" ಅಂದೆ.

"ನನಗೂ ಕಣ್ಣಿದೆ." ಅವರು ಗಾಡಿಗಳ ಸಾಲು ನೋಡಿದರು, ನಾಯಿಯನ್ನು ನೋಡಿದರು. "ಬಿಡಯ್ಯ ಹಗ್ಗ" ಎಂದು ಡ್ರೈವರಿಗೆ ಹೇಳಿದರು. ನನಗೆ ಹೇಳಿದ್ದು ಬೇರೆ. "ಇನ್ನೊಂದು ಸಲ ಮರಿ ಹಾಕ್ತು ಅಂದ್ರೆ ಲಾರಿಗೆ ಹಾಕೋದು ನಾಯಿನಲ್ಲ, ನಿನ್ನನ್ನ."

ಹಗ್ಗ ಬಿಟ್ಟ ಕೂಡಲೇ ನಾಯಿ ತೌಡಿನ ಕೋಣೆಗೆ ಹೋಯಿತು. ಮೂಲೆ ಮೂಲೆ ಮೂಸಿತು. ರಾಶಿಯನ್ನು ಕಾಲಲ್ಲಿ ಕೆದಕಿತು. ಹೊರಗೆ ಬಂದು ನನ್ನ ಕೈ ಮೂಸಿತು, ಮತ್ತೆ ಒಳಗೆ ಹೋಯಿತು. ಗಾಡಿಯವರು ಹೊತ್ತಾಯಿತೆಂದು ಕೂಗುತ್ತಿದ್ದರು. ಅಕ್ಕ ಏನಾದರೂ ಹೇಳುತ್ತಾಳೆಂದು ಅವಳ ಕಡೆ ನೋಡಿದೆ. ಅವಳು ತಲೆ ಬಗ್ಗಿಸಿ ಜರಡಿ ಆಡಿಸುತ್ತಿದ್ದಳು. ನಾನು ಎಂಜಿನ್ ಶುರುಮಾಡಿದೆ. ಸ್ವಲ್ಪ ಹೊತ್ತಿಗೆ ನಾಯಿ ಬಂದು ಬೆಲ್ಟಿನಿಂದ ದೂರ, ನನ್ನ ಕಾಲಿನ ಹತ್ತಿರ ಮಲಗಿತು. ಇಬ್ಬರ ಮೇಲೂ ತೌಡು ಬೀಳಲು ಶುರುವಾಯಿತು.